ಟಿವಿಗೆ ಕಿವಿ ಬಂದರೆ: ಅಮಾಂಡಾ ಎಂಬ ಹುಡುಗಿಯ ಪ್ರಕರಣ

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಹೆದರಿಸುವ ಒಂದು ಕಂಪ್ಯೂಟರ್ ಆಟದ ಗುಟ್ಟು ತುಂಬಾ ಬಯಲಾಗುತ್ತದೆ. ಆಡಬೇಕು ಅಂತ ಇಟ್ಟುಕೊಂಡಿದ್ದರೆ ಆಡಿ ಬಂದು ಓದಿ.

ಆಟದ ಹೆಸರು ಅಮಾಂಡಾ ದಿ ಅಡ್ವೆಂಚರರ್. ಮ್ಯಾಂಗಲ್ಡ್‌ಮಾ ಗೇಮ್ಸ್ ಅನ್ನೋ ಸಣ್ಣ ತಂಡ ಮಾಡಿದ್ದು, ಡ್ರೆಡ್‌ಎಕ್ಸ್‌ಪಿ ಬಿಡುಗಡೆ ಮಾಡಿದ್ದು. 2022ರಲ್ಲಿ ಒಂದು ಪುಟ್ಟ ಡೆಮೊ ಬಂತು, ಜನ ಅದನ್ನು ಆಡುವ ವಿಡಿಯೋಗಳು ಓಡಾಡಿದವು. 2023ರ ಏಪ್ರಿಲ್‌ನಲ್ಲಿ ಪೂರ್ತಿ ಆಟ ಬಂತು, 2024ರ ಅಕ್ಟೋಬರ್‌ನಲ್ಲಿ ಎರಡನೇ ಭಾಗ. ನಾನಿಲ್ಲಿ ಮೊದಲನೆಯದನ್ನೇ ಹಿಡಿದುಕೊಂಡು ಮಾತಾಡುತ್ತೇನೆ. ಒಂದೇ ಸಂಜೆಯಲ್ಲಿ ಮುಗಿಸಬಹುದಾದ ಆಟ ಅದು. ಆದರೆ ಆಡಿ ಮುಗಿಸಿದ ಮೇಲೆ ತಲೆಯಲ್ಲಿ ಉಳಿದದ್ದು ಕೊನೆಗೆ ಬರುವ ಭೂತವಲ್ಲ. ಒಂದು ಕಾರ್ಟೂನ್ ಹುಡುಗಿ ಪ್ರಶ್ನೆ ಕೇಳಿ, ಕಣ್ಣು ಪಿಳಿಪಿಳಿ ಬಿಟ್ಟುಕೊಂಡು, ಉತ್ತರಕ್ಕೆ ಕಾಯುವ ಆ ನಾಲ್ಕೈದು ಸೆಕೆಂಡು. ಅದು ಯಾಕೆ ಅಷ್ಟು ಕಾಡುತ್ತದೆ ಅಂತ ಹುಡುಕುತ್ತಾ ಹೋಗಿ ಇಷ್ಟು ಬರೆಯಬೇಕಾಯಿತು.

ಅಟ್ಟದ ಮೇಲಿನ ಕ್ಯಾಸೆಟ್‌ಗಳು

ಕಥೆ ಹೀಗಿದೆ. ನೀವು ರೈಲಿ ಪಾರ್ಕ್. ಕೇಟ್ ಅನ್ನೋ ಆಂಟಿ ತೀರಿಕೊಂಡಿದ್ದಾರೆ, ಅವರ ಮನೆ ನಿಮಗೆ ಬಂದಿದೆ. ಅಟ್ಟದಲ್ಲಿ ಒಂದು ಹಳೇ ಟಿವಿ, ಒಂದು ವಿಸಿಆರ್, ಕೆಲವು ವಿಡಿಯೋ ಕ್ಯಾಸೆಟ್. ಕ್ಯಾಸೆಟ್ ಹಾಕಿದರೆ ಒಂದು ಮಕ್ಕಳ ಕಾರ್ಯಕ್ರಮ ಶುರುವಾಗುತ್ತದೆ. ಅಮಾಂಡಾ ಅನ್ನೋ ಹುಡುಗಿ, ವೂಲಿ ಅನ್ನೋ ಕುರಿ. ಇಬ್ಬರೂ ಹಳೇ ಕಾಲದ ಕಂಪ್ಯೂಟರ್ ಅನಿಮೇಷನ್‌ನಲ್ಲಿ ಮಾಡಿದ, ಸ್ವಲ್ಪ ಬಿಗಿಬಿಗಿಯಾಗಿ ನಡೆಯುವ ಬೊಂಬೆಗಳು. ಮೊದಲ ಕ್ಯಾಸೆಟ್ಟಿನಲ್ಲಿ ಅಡುಗೆಮನೆ, ಸೇಬಿನ ಪೈ ಮಾಡೋಣ ಬನ್ನಿ ಅಂತ ಕರೆಯುತ್ತಾಳೆ. ಏನು ಬೇಕು ಹೇಳಿ ಅಂತ ಕೇಳುತ್ತಾಳೆ. ನೀವು ಕೀಬೋರ್ಡಿನಲ್ಲಿ ಉತ್ತರ ಟೈಪ್ ಮಾಡಬೇಕು, ಇಲ್ಲವೇ ತೆರೆಯ ಮೇಲಿನ ವಸ್ತುವನ್ನು ಒತ್ತಿ ತೋರಿಸಬೇಕು.

ಇಷ್ಟೇ ಆಟ. ಉತ್ತರ ಕೊಡುವುದು, ಅಟ್ಟದಲ್ಲಿ ಕಾರ್ಯಕ್ರಮಕ್ಕೆ ಸಂಬಂಧಪಟ್ಟ ಒಗಟು ಬಿಡಿಸುವುದು, ಮುಂದಿನ ಕ್ಯಾಸೆಟ್ ಹುಡುಕುವುದು. ಟಿವಿಯಲ್ಲಿ ಪೈ ಮಾಡಿದಿರಿ ಅಂದರೆ ಅಟ್ಟದಲ್ಲಿರುವ ಆಟಿಕೆ ಓವನ್‌ನಲ್ಲೂ ಅದನ್ನೇ ಮಾಡಬೇಕು. ಆ ಕ್ಷಣಕ್ಕೆ ಇದು ಬರೀ ಒಗಟು ಅನಿಸುತ್ತದೆ. ಆಮೇಲೆ ಹೊಳೆಯುತ್ತದೆ: ಟಿವಿ ಹೇಳಿದ್ದನ್ನು ನೀವು ಮನೆಯಲ್ಲಿ ಮಾಡಿದಿರಿ, ಯಾರೂ ಬಲವಂತ ಮಾಡಲಿಲ್ಲ, ಕೇಳಿದ್ದೂ ನಗುನಗುತ್ತಾ.

ಸ್ವಲ್ಪ ಹೊತ್ತಿಗೆ ಅಮಾಂಡಾ ನಿಮ್ಮ ಉತ್ತರಗಳನ್ನು ನಿಜಕ್ಕೂ ಕೇಳಿಸಿಕೊಳ್ಳುತ್ತಿದ್ದಾಳೆ ಅಂತ ಗೊತ್ತಾಗುತ್ತದೆ. ಬೇಕು ಅಂತ ತಪ್ಪು ಹೇಳಿದರೆ ಮುಖ ಗಂಟಿಕ್ಕುತ್ತಾಳೆ. ವೂಲಿ ಗಾಬರಿಯಾಗುತ್ತಾನೆ, ಏನೋ ಹೇಳಲು ಹೋಗಿ ನುಂಗಿಕೊಳ್ಳುತ್ತಾನೆ. ಪಾಠಗಳೂ ಹಳಸುತ್ತವೆ. ಕುಟುಂಬ ಅಂದರೇನು ಅಂತ ಒಂದು ಪಾಠ, ಎಲ್ಲವೂ ಕೊಳೆಯುತ್ತದೆ ಅಂತ ಇನ್ನೊಂದು. ಒಮ್ಮೆ ನೋಡಿದ ಕ್ಯಾಸೆಟ್ಟನ್ನೇ ಮತ್ತೆ ಹಾಕಿ ಬೇರೆ ಉತ್ತರ ಕೊಟ್ಟರೆ ಬೇರೆ ದಾರಿ ತೆರೆಯುತ್ತದೆ, ಗುಟ್ಟಿನ ಕ್ಯಾಸೆಟ್‌ಗಳು ಸಿಗುತ್ತವೆ. ಅವುಗಳಲ್ಲಿ ಕಾರ್ಟೂನ್ ಇಲ್ಲ, ನಿಜವಾದ ಮನುಷ್ಯರು.

ಅಲ್ಲಿಂದ ತಿಳಿಯುವುದು ಇಷ್ಟು. ಈ ಕಾರ್ಯಕ್ರಮ ಶುರು ಮಾಡಿದ್ದು ಸ್ಯಾಮ್ ಕೋಲ್ಟನ್ ಅನ್ನೋ ಒಬ್ಬ ತಂದೆ. ಸಣ್ಣ ಮಟ್ಟದ ಕಾರ್ಯಕ್ರಮ, ಕಾರ್ಟೂನ್ ಅಲ್ಲ. ಅಮಾಂಡಾ ಆಗಿ ಕ್ಯಾಮೆರಾ ಮುಂದೆ ನಿಂತವಳು ಅವನು ದತ್ತು ತೆಗೆದುಕೊಂಡ ಮಗಳು ರೆಬೆಕ್ಕಾ. ಆಮೇಲೆ ಹ್ಯಾಮೆಲ್ನ್ ಅನ್ನೋ ಕಂಪನಿ ಬಂತು, ಕಾರ್ಯಕ್ರಮವನ್ನು ಕೊಂಡುಕೊಂಡಿತು, ಕಾರ್ಟೂನ್ ಮಾಡಿತು. ಹುಡುಗಿ ಏನಾದಳು ಅನ್ನೋದಕ್ಕೆ ಉತ್ತರ ನಿಮ್ಮ ಮುಂದಿನ ಟಿವಿಯೊಳಗೇ ಇದೆ.

ಕಾಯುವ ಲೆಕ್ಕ

ಈಗ ಆ ನಾಲ್ಕೈದು ಸೆಕೆಂಡಿಗೆ ಬರೋಣ, ನನಗೆ ಮುಖ್ಯ ಅನಿಸಿದ್ದು ಅದೇ.

ಮಗುವಿಗೆ ಪ್ರಶ್ನೆ ಕೇಳಿ ಕಾಯುವುದು ಆಟದವರು ಹುಟ್ಟಿಸಿದ್ದಲ್ಲ. ಅಮೆರಿಕದ ಮಕ್ಕಳ ಟಿವಿಯಲ್ಲಿ ಇದಕ್ಕೆ ದೊಡ್ಡ ಇತಿಹಾಸವೇ ಇದೆ. 1953ರಲ್ಲಿ ಸಿಬಿಎಸ್ ವಾಹಿನಿಯಲ್ಲಿ ವಿಂಕಿ ಡಿಂಕ್ ಅಂಡ್ ಯೂ ಅಂತ ಒಂದು ಕಾರ್ಯಕ್ರಮ ಶುರುವಾಯಿತು. ಟಿವಿ ಗಾಜಿಗೆ ಒಂದು ಪ್ಲಾಸ್ಟಿಕ್ ಹಾಳೆ ಅಂಟಿಸಿಕೊಂಡು, ಅದರ ಮೇಲೆ ಬಣ್ಣದ ಕಡ್ಡಿಯಿಂದ ಬರೆಯಬೇಕು. ವಿಂಕಿ ಅನ್ನೋ ಕಾರ್ಟೂನ್ ಹುಡುಗನಿಗೆ ಹೊಳೆ ದಾಟಬೇಕು, ನೀವು ಸೇತುವೆ ಬರೆಯಿರಿ. ಹಾಳೆ ಮತ್ತು ಕಡ್ಡಿಯ ಕಿಟ್ಟಿಗೆ 50 ಸೆಂಟ್. ಕಿಟ್ ಇಲ್ಲದ ಮಕ್ಕಳು ಸುಮ್ನೆ ಟಿವಿ ಗಾಜಿನ ಮೇಲೇ ಬರೆದರು, ಅಪ್ಪ ಅಮ್ಮಂದಿರು ತಲೆ ಚಚ್ಚಿಕೊಂಡರು. ಇದರಲ್ಲಿ ನನಗೆ ಹಿಡಿಸುವ ಸಂಗತಿ ಬೇರೆ. ಮಗು ಸೇತುವೆ ಬರೆಯದಿದ್ದರೂ ವಿಂಕಿ ದಾಟುತ್ತಿದ್ದ. ಗಾಳಿಯ ಮೇಲೆ ನಡೆದುಕೊಂಡು ಹೋಗುತ್ತಿದ್ದ. ಅವನಿಗೆ ಮಗು ಬೇಕಾಗಿರಲಿಲ್ಲ. ಬೇಕು ಅಂತ ಮಗುವಿಗೆ ಅನಿಸಿದರೆ ಸಾಕಿತ್ತು.

ಆಮೇಲೆ ಇದು ಶಾಸ್ತ್ರವೇ ಆಯಿತು. 1969ರಲ್ಲಿ ಸೆಸಮೀ ಸ್ಟ್ರೀಟ್ ಅನ್ನೋ ಮಕ್ಕಳ ಕಾರ್ಯಕ್ರಮ ಬರುವ ಹೊತ್ತಿಗೆ ತಯಾರಕರು ಮಕ್ಕಳ ಕಣ್ಣನ್ನೇ ಅಳೆಯುತ್ತಿದ್ದರು. ಮಗುವಿನ ಮುಂದೆ ಟಿವಿ, ಪಕ್ಕದಲ್ಲಿ ಏಳೂವರೆ ಸೆಕೆಂಡಿಗೊಮ್ಮೆ ಬದಲಾಗುವ ಚಿತ್ರಗಳ ಪರದೆ. ಮಗು ಯಾವಾಗ ಟಿವಿ ಬಿಟ್ಟು ಪಕ್ಕಕ್ಕೆ ನೋಡಿತು ಅಂತ ಬರೆದುಕೊಳ್ಳುವುದು, ಆ ಜಾಗದಲ್ಲಿ ಕಾರ್ಯಕ್ರಮವನ್ನು ತಿದ್ದುವುದು. 1996ರಲ್ಲಿ ನಿಕಲೋಡಿಯನ್ ವಾಹಿನಿಯ ಬ್ಲೂಸ್ ಕ್ಲೂಸ್ ಬಂತು. ಅದರಲ್ಲಿ ನಡೆಸಿಕೊಡುವವನು ನೇರವಾಗಿ ಕ್ಯಾಮೆರಾ ನೋಡಿ ಪ್ರಶ್ನೆ ಕೇಳಿ, ನಿಜಕ್ಕೂ ಕಾಯುತ್ತಿದ್ದ. ಒಂದೇ ಕಂತನ್ನು ವಾರದಲ್ಲಿ ಐದು ದಿನ ಹಾಕುತ್ತಿದ್ದರು. ಯಾಕೆ ಅಂದರೆ ಮತ್ತೆ ಮತ್ತೆ ನೋಡಿದಷ್ಟೂ ಮಕ್ಕಳು ಟಿವಿಗೆ ಜಾಸ್ತಿ ಉತ್ತರ ಕೊಡುತ್ತಾರೆ, ಸಂಶೋಧನೆಯಲ್ಲೂ ಅದೇ ಕಂಡಿತು. 2000ದಲ್ಲಿ ಡೋರಾ ದಿ ಎಕ್ಸ್‌ಪ್ಲೋರರ್ ಕಾರ್ಟೂನಿನ ಡೋರಾ ಬಂದಳು. ಅಮಾಂಡಾಳನ್ನು ನೋಡಿದ ತಕ್ಷಣ ಯಾರಿಗೂ ಮೊದಲು ನೆನಪಾಗುವುದು ಅವಳೇ. ಸಾಹಸಕ್ಕೆ ಹೊರಟ ಹುಡುಗಿ, ಜೊತೆಗೊಂದು ಮಾತಾಡುವ ಪ್ರಾಣಿ, ಎದುರಿಗೇ ಇರುವುದನ್ನು ಎಲ್ಲಿದೆ ಅಂತ ನಿಮ್ಮನ್ನು ಕೇಳುವ ಚಾಳಿ.

ಇವೆಲ್ಲ ಒಳ್ಳೇ ಕಾರ್ಯಕ್ರಮಗಳೇ, ಅವುಗಳ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಆ ಕಾಯುವಿಕೆಯಿಂದ ಮಕ್ಕಳು ಕಲಿಯುತ್ತಾರೆ. ಆದರೆ ಅದರ ಒಳಗೆ ಒಂದು ಸಣ್ಣ ಸುಳ್ಳು ಇದೆ, ಎಲ್ಲರೂ ಒಪ್ಪಿಕೊಂಡ ಸುಳ್ಳು. ಮಗು ಸರಿ ಹೇಳಿದರೂ ಶಹಬ್ಬಾಸ್, ತಪ್ಪು ಹೇಳಿದರೂ ಶಹಬ್ಬಾಸ್, ಮಗು ಎದ್ದು ಮೂತ್ರಕ್ಕೆ ಹೋಗಿದ್ದರೂ ಖಾಲಿ ಸೋಫಾಕ್ಕೆ ಶಹಬ್ಬಾಸ್. 1956ರಲ್ಲೇ ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ಅನ್ನೋ ಇಬ್ಬರು ಸಂಶೋಧಕರು ಇಂಥ ನಂಟಿಗೆ ಪ್ಯಾರಾಸೋಶಿಯಲ್ ಅಂತ ಹೆಸರಿಟ್ಟರು. ಒಂದು ಕಡೆಯವರು ಮಾತ್ರ ಇನ್ನೊಬ್ಬರನ್ನು ಬಲ್ಲ ಸ್ನೇಹ. ತೆರೆಯ ಮೇಲಿನವನು ನಿಮ್ಮನ್ನೇ ನೋಡಿ ನಗುತ್ತಾನೆ, ನೀವು ಇದ್ದೀರಿ ಅನ್ನೋದೇ ಅವನಿಗೆ ಗೊತ್ತಿಲ್ಲ.

ಸ್ವಲ್ಪ ಯೋಚಿಸಿದರೆ ಮಗುವನ್ನು ಕಾಪಾಡುವುದೂ ಅದೇ, ಆ ಗೊತ್ತಿಲ್ಲದಿರುವುದು. ಟಿವಿಗೆ ಬಾಯಿ ಇದೆ, ಕಿವಿ ಇಲ್ಲ. ಮಗು ಏನು ಬೇಕಾದರೂ ಹೇಳಬಹುದು, ಬೈಯಬಹುದು, ಉತ್ತರ ಕೊಡದೆ ಕೂತಿರಬಹುದು. ಅದರಿಂದ ಏನೂ ಆಗುವುದಿಲ್ಲ. ಅಮಾಂಡಾ ಆಟ ಮಾಡಿದ್ದು ಒಂದೇ ಒಂದು ಬದಲಾವಣೆ: ಆ ಟಿವಿಗೆ ಕಿವಿ ಕೊಟ್ಟಿತು. ಮಿಕ್ಕಿದ್ದೆಲ್ಲ, ಕತ್ತಲೆ ಅಟ್ಟ, ಕಿರುಗುಟ್ಟುವ ಸದ್ದು, ಎಲ್ಲ ಅಲಂಕಾರ.

ಎರಡು ವರ್ಷದ ಮಗು ಯಾರನ್ನು ನಂಬುತ್ತದೆ

ಇಲ್ಲಿ ಒಂದು ಪ್ರಯೋಗದ ವಿಷಯ ಹೇಳಲೇಬೇಕು. ಆಟ ಆಡಿ ಆದ ಮೇಲೆ ಇದು ನೆನಪಾಗಿ ಮೈ ಜುಮ್ಮೆಂದಿತು.

ತುಂಬಾ ಚಿಕ್ಕ ಮಕ್ಕಳು ಟಿವಿಯಿಂದ ಕಲಿಯುವುದು ಕಡಿಮೆ ಅನ್ನೋದು ಸಂಶೋಧಕರಿಗೆ ಹಳೇ ವಿಷಯ. ಆಟಿಕೆ ಎಲ್ಲಿ ಬಚ್ಚಿಟ್ಟಿದೆ ಅಂತ ಎದುರಿಗೆ ಕೂತವರು ಹೇಳಿದರೆ ಎರಡು ವರ್ಷದ ಮಗು ಹೋಗಿ ಹುಡುಕುತ್ತದೆ. ಅದೇ ಮಾತನ್ನು ಟಿವಿಯೊಳಗಿನವರು ಹೇಳಿದರೆ ಬಹಳ ಮಕ್ಕಳು ಕಿವಿಗೆ ಹಾಕಿಕೊಳ್ಳುವುದಿಲ್ಲ. ಟಿವಿ ಹೇಳುವುದು ತನಗೆ ಸಂಬಂಧಪಟ್ಟದ್ದಲ್ಲ ಅಂತ ಆ ವಯಸ್ಸಿಗೇ ಗೊತ್ತು. ಜಾಣ ಮಕ್ಕಳು.

2006ರಲ್ಲಿ ಜಾರ್ಜೀನ್ ಟ್ರೋಸೆತ್ ಅನ್ನೋ ಸಂಶೋಧಕಿ ಮತ್ತು ಜೊತೆಗಾರರು ಒಂದು ಬದಲಾವಣೆ ಮಾಡಿ ನೋಡಿದರು. ಟಿವಿಯೊಳಗಿನ ಹೆಂಗಸು ಮಗುವನ್ನು ನಿಜಕ್ಕೂ ನೋಡುವಂತೆ, ಕೇಳುವಂತೆ ಎರಡೂ ಕಡೆ ಕ್ಯಾಮೆರಾ ಜೋಡಿಸಿದರು. ಐದು ನಿಮಿಷ ಅವರು ಮಗುವಿನ ಜೊತೆ ಹರಟಿದರು, ಮಗು ಹೇಳಿದ್ದಕ್ಕೆ ತಕ್ಕಂತೆ ಮಾತಾಡಿದರು. ಆಮೇಲೆ ಆಟಿಕೆ ಇರುವ ಜಾಗ ಹೇಳಿದರು. ಈ ಸಲ ಮಕ್ಕಳು ಹೋಗಿ ಹುಡುಕಿದರು. ಅದೇ ಹೆಂಗಸಿನ, ಮುಂಚೆಯೇ ರೆಕಾರ್ಡ್ ಮಾಡಿಟ್ಟ ವಿಡಿಯೋ ನೋಡಿದ ಮಕ್ಕಳಿಗೆ ಆ ನಂಬಿಕೆ ಬರಲಿಲ್ಲ.

ಬರೀ ಐದು ನಿಮಿಷ ಸಾಕಾಯಿತು.

ಇದನ್ನು ಓದಿ ಆಮೇಲೆ ಅಮಾಂಡಾಳನ್ನು ನೋಡಿ. ತಪ್ಪು ಉತ್ತರಕ್ಕೆ ಅವಳು ಸಿಡಿಮಿಡಿಗೊಂಡಾಗ ನಮಗೆ ಹೆದರಿಕೆ ಆಗುತ್ತದೆ, ಯಾಕೆಂದರೆ ನಾವು ದೊಡ್ಡವರು, ಟಿವಿ ಹಾಗೆ ಮಾಡಬಾರದು ಅಂತ ನಮಗೆ ಗೊತ್ತು. ಮಗುವಿಗೆ ಅದು ತಿರುಗಾಮುರುಗಾ. ತಾನು ತಪ್ಪು ಹೇಳಿದ್ದಕ್ಕೆ ಅವಳು ಬೇಜಾರಾದಳು ಅಂದರೆ, ಅವಳು ನಿಜ! ಕೇಳಿಸಿಕೊಳ್ಳುವ ಅಮಾಂಡಾ ಮಗುವಿನ ಪಾಲಿಗೆ ಭೂತವಲ್ಲ, ಟಿವಿಯಲ್ಲಿ ಮೊದಲ ಸಲ ಸಿಕ್ಕ ನಂಬಬಹುದಾದ ಗೆಳತಿ. ಅವಳು ಚಾಕು ಎಲ್ಲಿದೆ ಅಂತ ಕೇಳಿದರೆ ಮಗು ಚಾಕು ತೋರಿಸುತ್ತದೆ, ಬಾ ಅಂದರೆ ಎದ್ದು ಹೋಗುತ್ತದೆ. ಈ ಕಾರ್ಯಕ್ರಮ ನೋಡಿದ ಮಕ್ಕಳಿಗೆ ಏನಾಯಿತು ಅಂತ ಆಟ ಬಾಯಿಬಿಟ್ಟು ಹೇಳುವುದಕ್ಕಿಂತ ಸೂಚಿಸುವುದೇ ಹೆಚ್ಚು. ಬಾಯಿಬಿಡುವ ಅಗತ್ಯವೂ ಇಲ್ಲ ಬಿಡಿ, ಆ ಐದು ನಿಮಿಷದ ಪ್ರಯೋಗ ನೆನಪಿದ್ದರೆ ಉಳಿದದ್ದನ್ನು ನಮ್ಮ ತಲೆಯೇ ಕಟ್ಟಿಕೊಳ್ಳುತ್ತದೆ.

ಇದು ಬರೀ ಕಲ್ಪನೆ ಅಂತ ತಳ್ಳಿಹಾಕುವ ಹಾಗೂ ಇಲ್ಲ. ಮೈ ಫ್ರೆಂಡ್ ಕೇಲಾ ಅಂತ ಒಂದು ಗೊಂಬೆ ಇತ್ತು. ಮಗುವಿನ ಮಾತನ್ನು ಮೈಕಿನಲ್ಲಿ ಕೇಳಿ, ಫೋನಿನ ಮೂಲಕ ಇಂಟರ್ನೆಟ್ಟಿಗೆ ಕಳಿಸಿ, ಉತ್ತರ ಕೊಡುವ ಗೊಂಬೆ. ಅದರ ಬ್ಲೂಟೂತಿಗೆ ಸರಿಯಾದ ಕಾವಲು ಇರಲಿಲ್ಲ, ಹತ್ತಿರದಲ್ಲಿರುವ ಯಾರು ಬೇಕಾದರೂ ಅದರ ಜೊತೆ ಸಂಪರ್ಕ ಬೆಳೆಸಬಹುದಿತ್ತು. 2017ರ ಫೆಬ್ರುವರಿಯಲ್ಲಿ ಜರ್ಮನಿಯ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಅದನ್ನು ಗುಟ್ಟಾಗಿ ಕದ್ದಾಲಿಸುವ ಸಾಧನ ಅಂತ ಘೋಷಿಸಿ ನಿಷೇಧಿಸಿತು. ಮನೆಯಲ್ಲಿದ್ದರೆ ಕೆಲಸ ಮಾಡದಂತೆ ನಾಶ ಮಾಡಿ ಅಂತ ಪೋಷಕರಿಗೆ ಹೇಳಿತು. ಒಂದು ದೇಶದ ಸರ್ಕಾರಿ ಸಂಸ್ಥೆ, ಮಗುವಿನ ಗೊಂಬೆಯನ್ನು ನಾಶ ಮಾಡಿ ಅಂತ ಹೇಳಿದ್ದು! ಅಮಾಂಡಾ ಆಟದ ಯಾವ ಗುಟ್ಟಿನ ಕ್ಯಾಸೆಟ್ಟೂ ಇದಕ್ಕಿಂತ ವಿಚಿತ್ರವಾಗಿಲ್ಲ.

ಗಾಜಿನ ಆ ಕಡೆ

ಇಷ್ಟು ಹೊತ್ತು ಗಾಜಿನ ಈ ಕಡೆಯ ಮಗುವಿನ ಮಾತಾಯಿತು. ಆ ಕಡೆಯೂ ಒಂದು ಮಗು ಇದೆ ಅನ್ನೋದನ್ನು ಆಟ ನಿಧಾನಕ್ಕೆ ಬಿಚ್ಚುತ್ತದೆ.

ರೆಬೆಕ್ಕಾಳ ಕಥೆಯಲ್ಲಿ ಯಾರೂ ಮೊದಲ ದಿನವೇ ಕೆಟ್ಟದ್ದು ಮಾಡುವುದಿಲ್ಲ. ಅಪ್ಪನಿಗೆ ಒಂದು ಕಾರ್ಯಕ್ರಮ ಮಾಡುವ ಆಸೆ, ಮಗಳು ಕ್ಯಾಮೆರಾ ಮುಂದೆ ಖುಷಿಯಾಗಿದ್ದಾಳೆ, ನೋಡಿದವರಿಗೆ ಇಷ್ಟವಾಗುತ್ತಿದೆ. ಆಮೇಲೆ ದೊಡ್ಡ ಕಂಪನಿ ಬರುತ್ತದೆ, ಕಾಗದ ಮುಂದಿಡುತ್ತದೆ. ಮಾರಾಟವಾಗಿದ್ದು ಕಾರ್ಯಕ್ರಮವೋ ಹುಡುಗಿಯೋ ಅನ್ನೋದು ಸಹಿ ಹಾಕುವಾಗ ಸ್ಯಾಮ್‌ಗೆ ಗೊತ್ತಿರಲಿಲ್ಲ. ಗೊತ್ತಾಗುವಾಗ ಕೈಮೀರಿತ್ತು. ದತ್ತು ಮಗಳು ಅನ್ನೋ ವಿವರ ನನ್ನನ್ನು ಜಾಸ್ತಿ ಚುಚ್ಚಿತು. ಒಂದು ಸಲ ಕಾಗದದ ಮೇಲೆ ಸಹಿ ಹಾಕಿ ಮನೆಗೆ ಕರೆತಂದ ಮಗುವನ್ನು ಇನ್ನೊಂದು ಸಹಿಯಲ್ಲಿ ಕಳೆದುಕೊಂಡ ಹಾಗೆ. ಆಟ ಇದನ್ನು ಎಲ್ಲೂ ಎತ್ತಿ ಆಡುವುದಿಲ್ಲ, ಅದು ನನ್ನ ಓದು.

ಕಥೆಯ ಈ ಭಾಗಕ್ಕೆ ಅಮೆರಿಕದಲ್ಲಿ ನಿಜವಾದ ಬೇರುಗಳಿವೆ. ಜಾಕಿ ಕೂಗನ್ ಅನ್ನೋ ಹುಡುಗ 1921ರಲ್ಲಿ ಚಾಪ್ಲಿನ್ ಜೊತೆ ಒಂದು ಮೂಕಿ ಚಿತ್ರದಲ್ಲಿ ಕಾಣಿಸಿಕೊಂಡು ಲೋಕಕ್ಕೆಲ್ಲ ಗೊತ್ತಾದ. ಲಕ್ಷಗಟ್ಟಲೆ ಡಾಲರ್ ದುಡಿದ. ದೊಡ್ಡವನಾಗಿ ನೋಡಿದರೆ ಬಹುಪಾಲು ಹಣ ಖರ್ಚಾಗಿಹೋಗಿತ್ತು. 1938ರಲ್ಲಿ ಅವನು ತನ್ನ ತಾಯಿ ಮತ್ತು ಮಲತಂದೆಯ ಮೇಲೇ ಕೇಸು ಹಾಕಿದ. ಆಗ ಕ್ಯಾಲಿಫೋರ್ನಿಯಾ ಕಾನೂನಿನ ಪ್ರಕಾರ ಮಗುವಿನ ದುಡಿಮೆ ಹೆತ್ತವರದ್ದು. ಆ ಗಲಾಟೆಯ ಫಲವಾಗಿ 1939ರಲ್ಲಿ ಅವನದೇ ಹೆಸರಿನಲ್ಲಿ ಕರೆಯಲ್ಪಡುವ ಕಾನೂನು ಬಂತು. ಅದರಲ್ಲೂ ತೂತುಗಳಿದ್ದವು. 2000ದಲ್ಲಿ ತಿದ್ದಿದ ಮೇಲೆಯೇ ದುಡಿಮೆ ಪೂರ್ತಿ ಮಗುವಿನದ್ದು ಅಂತಾಯಿತು, ಅದರಲ್ಲಿ ಶೇಕಡಾ 15ರಷ್ಟನ್ನು ಯಾರೂ ಮುಟ್ಟದ ಹಾಗೆ ಬೇರೆ ಇಡಬೇಕು. ಮನೆಯಲ್ಲೇ ಮಕ್ಕಳ ವಿಡಿಯೋ ಮಾಡಿ ಹಾಕುವ ಕುಟುಂಬಗಳಿಗೆ ಇಂಥ ನಿಯಮ ಬರಲು ಇನ್ನೂ ತಡವಾಯಿತು. ಇಲಿನಾಯ್ ರಾಜ್ಯ ಮೊದಲು ಮಾಡಿದ್ದು, ಜಾರಿಯಾದದ್ದು 2024ರ ಜುಲೈ 1ಕ್ಕೆ.

ಈ ಕಾನೂನುಗಳೆಲ್ಲ ಕಾಪಾಡುವುದು ದುಡ್ಡನ್ನು. ರೆಬೆಕ್ಕಾಳ ವಿಷಯದಲ್ಲಿ ಕಂಪನಿ ಕಿತ್ತುಕೊಂಡದ್ದು ದುಡ್ಡಲ್ಲ. ಅವಳ ಮುಖ, ದನಿ, ಮಾತಾಡುವ ರೀತಿ. ಕಾರ್ಟೂನ್ ಆದ ಮೇಲೆ ಅಮಾಂಡಾಗೆ ವಯಸ್ಸಾಗುವುದಿಲ್ಲ, ಸುಸ್ತಾಗುವುದಿಲ್ಲ, ಅಪ್ಪ ಬೇಕು ಅಂತ ಅಳುವುದಿಲ್ಲ. ಕಂಪನಿಗೆ ಇದಕ್ಕಿಂತ ಅನುಕೂಲ ಇನ್ನೇನಿದೆ? ಮಕ್ಕಳ ಕಾರ್ಯಕ್ರಮ ಮಾಡುವವರಿಗೆ ಒಂದು ಹಳೇ ತಲೆನೋವು ಇದೆ, ಅದರಲ್ಲಿ ನಟಿಸುವ ಮಕ್ಕಳು ಬೆಳೆದುಬಿಡುತ್ತಾರೆ. ಹ್ಯಾಮೆಲ್ನ್ ಆ ತಲೆನೋವಿಗೆ ಮದ್ದು ಕಂಡುಕೊಂಡಿತು.

ಹೀಗೆ ನೋಡಿದಾಗ ಅಮಾಂಡಾಳ ಸಿಟ್ಟಿಗೂ ಬೇರೆ ಅರ್ಥ ಬರುತ್ತದೆ. ನೀವು ತಪ್ಪು ಉತ್ತರ ಕೊಟ್ಟರೆ ಅವಳ ಪಾಠ ಕೆಡುತ್ತದೆ. ಪಾಠ ಕೆಟ್ಟರೆ ಅವಳಿಗೆ ಏನಾಗುತ್ತದೋ? ಮೊದಲ ಸಲ ಆಡುವಾಗ ಅವಳ ಮುಖದಲ್ಲಿ ಬೆದರಿಕೆ ಕಂಡಿತ್ತು. ಎರಡನೇ ಸಲ ಅದೇ ಮುಖದಲ್ಲಿ ಹೆದರಿಕೆ ಕಂಡಿತು. ಒಂದು ಗೆರೆಯೂ ಬದಲಾಗಿರಲಿಲ್ಲ.

ಹೆಸರಿನಲ್ಲೇ ಇದ್ದ ಸುಳಿವು

ಕಂಪನಿಯ ಹೆಸರು ಹ್ಯಾಮೆಲ್ನ್. ಜರ್ಮನಿಯ ಹ್ಯಾಮೆಲಿನ್ ಊರನ್ನು ಜರ್ಮನ್ನರು ಬರೆಯುವುದು ಹೀಗೇ. ಕೊಳಲೂದಿ ಇಲಿಗಳನ್ನು ಹೊಳೆಗೆ ಇಳಿಸಿದ, ಊರಿನವರು ಕೂಲಿ ಕೊಡದೆ ಮೋಸ ಮಾಡಿದ್ದಕ್ಕೆ ಮಕ್ಕಳನ್ನೇ ಕರೆದುಕೊಂಡು ಹೋದ ಕಿಂದರಿಜೋಗಿ ಕಥೆ ಎಲ್ಲರಿಗೂ ಗೊತ್ತು. ಮಕ್ಕಳನ್ನು ಮರುಳು ಮಾಡುವ ಕಂಪನಿಗೆ ಆ ಹೆಸರು, ಅರ್ಥವಾಯಿತು, ಸರಿ, ಮುಂದೆ ಹೋಗೋಣ ಅಂತ ಆಡುವವರು ಅಂದುಕೊಳ್ಳುತ್ತಾರೆ. ನಾನೂ ಅಂದುಕೊಂಡೆ.

ಆದರೆ ಆ ಕಥೆಯ ಹಳೇ ರೂಪದಲ್ಲಿ ಇಲಿಗಳೇ ಇಲ್ಲ. ಇಲಿ ಸೇರಿಕೊಂಡದ್ದು 16ನೇ ಶತಮಾನದಲ್ಲಿ. ಅದಕ್ಕೂ ಹಿಂದಿನ ದಾಖಲೆಗಳಲ್ಲಿ ಇರುವುದು ಇಷ್ಟು: 1284ರ ಜೂನ್ 26ರಂದು ಹ್ಯಾಮೆಲಿನ್ ಊರಿನ 130 ಮಕ್ಕಳು ಒಬ್ಬ ಕೊಳಲಿನವನ ಹಿಂದೆ ಹೋದರು, ಮತ್ತೆ ಬರಲಿಲ್ಲ. ಕೂಲಿಯ ಜಗಳ ಇಲ್ಲ, ಸೇಡು ಇಲ್ಲ, ಕಾರಣವೇ ಇಲ್ಲ. ಮಕ್ಕಳು ಹೊರಟ ಬೀದಿ ಅಂತ ಹೇಳುವ ಒಂದು ಬೀದಿ ಈಗಲೂ ಅಲ್ಲಿದೆ, ಅಲ್ಲಿ ವಾದ್ಯ ಬಾರಿಸಬಾರದು, ಕುಣಿಯಬಾರದು ಅನ್ನೋ ರೂಢಿ ಇದೆ.

ಇಲಿ ಯಾಕೆ ಸೇರಿತು ಅಂತ ನನಗೆ ಅನಿಸುವುದು: ಕಾರಣ ಇಲ್ಲದೆ ಮಕ್ಕಳು ಹೋದರು ಅನ್ನೋದನ್ನು ಜನರಿಗೆ ತಡೆದುಕೊಳ್ಳಲು ಆಗಲಿಲ್ಲ. ಊರಿನವರು ತಪ್ಪು ಮಾಡಿದ್ದಕ್ಕೆ ಶಿಕ್ಷೆ ಅಂದರೆ ಹೇಗೋ ನುಂಗಬಹುದು.

ಆಟ ಜಾರಿದ್ದು ಎಲ್ಲಿ

ಆಟವೂ ಕೊನೆಗೆ ಅದನ್ನೇ ಮಾಡಿತು ಅನ್ನೋದು ನನ್ನ ದೂರು. ಇಲಿ ಸೇರಿಸಿತು.

ಗುಟ್ಟಿನ ಕ್ಯಾಸೆಟ್‌ಗಳು, ಕಾಗದಗಳು, ಸಂಕೇತಗಳು ಸೇರುತ್ತಾ ಸೇರುತ್ತಾ ಕಂಪನಿಯ ಹಿಂದೆ ಏನೋ ಅಮಾನುಷ ಶಕ್ತಿ ಇದೆ ಅನ್ನೋ ಕಡೆಗೆ ಕಥೆ ವಾಲುತ್ತದೆ. ಕೋರೆಹಲ್ಲಿನ ರಾಕ್ಷಸ ಬರುತ್ತದೆ. ಎರಡನೇ ಭಾಗದಲ್ಲಿ ಆಟ ಲೈಬ್ರರಿಗೆ ಹೋಗುತ್ತದೆ, ಬಿಡಿಸಬೇಕಾದ ಗಂಟುಗಳು ಇನ್ನೂ ಜಾಸ್ತಿಯಾಗುತ್ತವೆ. ಹುಡುಕಿ ಹುಡುಕಿ ಜೋಡಿಸುವವರಿಗೆ ಹಬ್ಬ. ನನಗೆ ಮಾತ್ರ ರಾಕ್ಷಸ ಬಂದ ಕೂಡಲೇ ಹೆದರಿಕೆ ಇಳಿಯಿತು. ರಾಕ್ಷಸ ಅಂದ ಮೇಲೆ ನಮ್ಮ ಲೋಕದ್ದಲ್ಲ ಅಂತಾಯಿತು, ಕಂಪನಿಯವರು ಮನುಷ್ಯರಲ್ಲ ಅಂತಾಯಿತು, ಸ್ಯಾಮ್ ಸಹಿ ಹಾಕಿದ್ದು ಕೂಡ ಯಾವುದೋ ಮಾಟಕ್ಕೆ ಸಿಕ್ಕ ಹಾಗಾಯಿತು. ನನ್ನನ್ನು ಹೆದರಿಸಿದ್ದು ಮಾಟವಿಲ್ಲದ ಭಾಗ. ಒಳ್ಳೇ ಅಪ್ಪ, ಚುರುಕು ಮಗಳು, ಒಂದು ಒಪ್ಪಂದ, ಕಣ್ಣು ಪಿಳಿಪಿಳಿಸುವ ಒಂದು ಬೊಂಬೆ.

ಇದಕ್ಕೆ ಒಬ್ಬ ಗೆಳೆಯ ಒಪ್ಪುವುದಿಲ್ಲ. ರಾಕ್ಷಸ ಇಲ್ಲದಿದ್ದರೆ ಯಾರು ಆಡುತ್ತಾರೆ, ಬರೀ ಕಾಂಟ್ರಾಕ್ಟ್ ಓದೋಕೆ ಕಂಪ್ಯೂಟರ್ ಹಾಕಬೇಕಾ ಅಂತ ಕೇಳಿದ. ಅದೂ ನ್ಯಾಯವೇ. ಮೇಲಾಗಿ ಹುಡುಗಿ ಟಿವಿಯೊಳಗೆ ಸಿಕ್ಕಿಕೊಂಡಿದ್ದಾಳೆ ಅನ್ನೋದೇ ನಂಬಲಾಗದ್ದು, ಅದನ್ನು ಒಪ್ಪಿದವನು ರಾಕ್ಷಸನಿಗೆ ಮಾತ್ರ ಯಾಕೆ ಮೂಗು ಮುರಿಯುತ್ತೀಯ ಅಂದ. ಉತ್ತರ ಹೇಳಲು ತಡಕಾಡಿದೆ. ಟಿವಿಯೊಳಗೆ ಸಿಕ್ಕಿಕೊಂಡ ಮಗುವನ್ನು ನಾವೆಲ್ಲ ನಿಜಕ್ಕೂ ನೋಡಿದ್ದೇವೆ ಅಂತ ಅನಿಸುತ್ತದೆ, ಮೂವತ್ತು ವರ್ಷ ಆದರೂ ಅದೇ ವಯಸ್ಸಿನಲ್ಲಿ ಅದೇ ಮಾತು ಹೇಳುತ್ತಿರುವ ಮಗು. ರಾಕ್ಷಸನನ್ನು ನೋಡಿಲ್ಲ.

ಇನ್ನೊಂದು ವಿಷಯ ಇಲ್ಲಿ ಹೇಳಿ ಮುಗಿಸುತ್ತೇನೆ, ಉದ್ದ ಎಳೆಯುವುದಿಲ್ಲ. 2014ರ ಫೈವ್ ನೈಟ್ಸ್ ಅಟ್ ಫ್ರೆಡ್ಡೀಸ್, 2021ರ ಪಾಪಿ ಪ್ಲೇಟೈಮ್, ಈ ಜಾತಿಯ ಆಟಗಳೆಲ್ಲ ಮಕ್ಕಳ ಲೋಕದ ವಸ್ತುಗಳನ್ನು ಹಿಡಿದು ದೊಡ್ಡವರನ್ನು ಹೆದರಿಸುತ್ತವೆ. ಅವುಗಳ ವಿಡಿಯೋಗಳನ್ನು ನೋಡುವವರಲ್ಲಿ ಪುಟ್ಟ ಮಕ್ಕಳು ಬೇಕಾದಷ್ಟಿದ್ದಾರೆ. ಆ ರಾಕ್ಷಸರ ಮೆತ್ತನೆ ಬೊಂಬೆಗಳು ಅಂಗಡಿಯಲ್ಲಿ ಸಿಗುತ್ತವೆ, ಮಕ್ಕಳು ಅಪ್ಪಿಕೊಂಡು ಮಲಗುತ್ತಾರೆ. ಮಕ್ಕಳನ್ನು ಬಲೆಗೆ ಬೀಳಿಸುವ ಕಂಪನಿಯ ಬಗ್ಗೆ ಮಾಡಿದ ಕಥೆಗಳು ಕೊನೆಗೆ ಮಕ್ಕಳ ವ್ಯಾಪಾರವೇ ಆದವು. ನಗಬೇಕೋ ಬೇಡವೋ ಗೊತ್ತಾಗುವುದಿಲ್ಲ.

ವೂಲಿ

ಎಲ್ಲರೂ ಅಮಾಂಡಾಳ ಬಗ್ಗೆಯೇ ಮಾತಾಡುತ್ತಾರೆ, ನನಗೆ ಆ ಕುರಿಯನ್ನು ನೋಡಿದರೆ ಸಂಕಟ. ಆ ಕಾರ್ಯಕ್ರಮದಲ್ಲಿ ಏನೋ ಸರಿಯಿಲ್ಲ ಅಂತ ಅವನಿಗೆ ಗೊತ್ತು. ಬೇಡ ಅಂತಾನೆ, ದೊಡ್ಡವರನ್ನು ಕೇಳೋಣ ಅನ್ನೋ ಧಾಟಿಯಲ್ಲಿ ಹಿಂಜರಿಯುತ್ತಾನೆ, ಅಮಾಂಡಾ ಒಂದು ಸಲ ತಿರುಗಿ ನೋಡಿದರೆ ಸಾಕು, ನಕ್ಕು ಸುಮ್ಮನಾಗುತ್ತಾನೆ. ನಿಮ್ಮನ್ನು ನೇರವಾಗಿ ಎಚ್ಚರಿಸುವಷ್ಟು ಧೈರ್ಯ ಅವನಿಗಿಲ್ಲ. ಹಾಗಂತ ಬಿಟ್ಟು ಓಡಿಹೋಗಲೂ ಆಗುವುದಿಲ್ಲ, ಅವನೂ ಅದೇ ಕ್ಯಾಸೆಟ್ಟಿನೊಳಗಿನವನು. ಆಫೀಸಿನಲ್ಲಿ, ಮನೆಯಲ್ಲಿ, ಎಲ್ಲಿಯಾದರೂ ತಪ್ಪು ನಡೆಯುವುದನ್ನು ನೋಡುತ್ತಾ ನಗುನಗುತ್ತಾ ನಿಂತವರ ಮುಖ ಅದೇ ಇರುತ್ತದೆ, ಅಲ್ವಾ.

ಎರಡನೇ ಸಲ ಆಡುವಾಗ ನಾನು ಒಂದು ಹಟ ಮಾಡಿದೆ. ಅಡುಗೆಮನೆಯ ಕ್ಯಾಸೆಟ್ ಹಾಕಿದೆ. ಅವಳು ಪ್ರಶ್ನೆ ಕೇಳಿದಳು. ಏನೂ ಟೈಪ್ ಮಾಡದೆ ಕೈಕಟ್ಟಿ ಕೂತೆ. ನಿಜವಾದ ಟಿವಿ ಆಗಿದ್ದರೆ ನಾಲ್ಕು ಸೆಕೆಂಡಿಗೆ ಶಹಬ್ಬಾಸ್ ಅಂತ ಹೇಳಿ ಮುಂದೆ ಹೋಗಬೇಕಿತ್ತು, ವಿಂಕಿ ಗಾಳಿಯ ಮೇಲೆ ನಡೆದ ಹಾಗೆ. ಅವಳು ಹೋಗಲಿಲ್ಲ. ನನ್ನನ್ನೇ ನೋಡುತ್ತಾ ನಿಂತಳು. ಪಕ್ಕದಲ್ಲಿ ವೂಲಿ ನಿಂತಿದ್ದ. ನಾನು ಎದ್ದು ನೀರು ಕುಡಿದು ಬಂದೆ. ಇನ್ನೂ ನೋಡುತ್ತಿದ್ದಳು. ಇದು ಪ್ರೋಗ್ರಾಮ್, ನನ್ನ ಕೀಲಿ ಒತ್ತುವಿಕೆಗೆ ಕಾಯುತ್ತಿದೆ, ಅಷ್ಟೇ ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಎಷ್ಟು ಹೊತ್ತು ಕೂತಿದ್ದೆನೋ ನೆನಪಿಲ್ಲ, ಆಮೇಲೆ ಅವಳಿಗೆ ಬೇಕಾದ ಉತ್ತರವನ್ನೇ ಟೈಪ್ ಮಾಡಿದೆ. ಅವಳು ನಕ್ಕಳು.